ಕೆರೆಯ ಎರಡನೆಯ ಭಾಗ

ನಮ್ಮ ಭಾವನಿಗೆ ಪ್ರಕೃತಿ ಅಂದರೆ ಆಗಿಬರುವುದಿಲ್ಲ. ಹೂವಿನ ಹತ್ತಿರ ಹೋದರೆ ಸೀನು, ನೀರಿನ ಹತ್ತಿರ ಹೋದರೆ ಸೊಳ್ಳೆ. ಆದರೂ ಪತ್ರಿಕೆಯವರು ಅವರನ್ನು ‘ಪ್ರಕೃತಿಯ ಸಂಗೀತಕಾರ’ ಎಂದೇ ಬರೆಯುತ್ತಾರೆ. ಬರೆಯುವವರ ಗಂಟೇನು ಹೋಗಬೇಕು!

ಕೆರೆಗೆ ಹೋಗುತ್ತಿದ್ದವಳು ನನ್ನ ಅಕ್ಕ. ಮಡಚುವ ಕುರ್ಚಿ, ಬಣ್ಣದ ಡಬ್ಬಿ ಹೊತ್ತು ಬೆಳಗ್ಗೆಯೇ ಹೊರಟು ಜೊಂಡು, ಕೊಕ್ಕರೆ, ಮೋಡದ ನೆರಳನ್ನೆಲ್ಲ ಹಾಳೆಗಿಳಿಸಿ ತರುತ್ತಿದ್ದಳು. ಭಾವ ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೂತು, ಆ ಚಿತ್ರದ ಮೇಲೆ ಸ್ವರ ಬರೆಯುವ ಐದೈದು ಗೆರೆಗಳ ಪಾರದರ್ಶಕ ಹಾಳೆ ಹಾಸುತ್ತಿದ್ದರು. ಅಕ್ಕನ ಗೆರೆ ಏರಿದಲ್ಲಿ ಸ್ವರ ಏರುತ್ತಿತ್ತು, ಇಳಿದಲ್ಲಿ ಇಳಿಯುತ್ತಿತ್ತು. ಜೊಂಡು ದಟ್ಟವಾದಲ್ಲಿ ಇಡೀ ವಾದ್ಯವೃಂದ ಒಟ್ಟಿಗೆ ನುಡಿಯುತ್ತಿತ್ತು. ಆ ವೃಂದದಲ್ಲಿ ಪಿಟೀಲು ಹಿಡಿದವರಲ್ಲಿ ನಾನೂ ಒಬ್ಬಳು. ಚೆನ್ನಾಗಿಯೇ ಇರುತ್ತಿತ್ತು, ಸುಳ್ಳೇಕೆ ಹೇಳಲಿ. ಅಕ್ಕನ ಹೆಸರು ಮಾತ್ರ ಎಲ್ಲೂ ಇರುತ್ತಿರಲಿಲ್ಲ. ಕೇಳಿದರೆ, "ಗಂಡ ಹೆಂಡತಿ ಮಧ್ಯೆ ನಿಂದು ನಂದು ಅಂತ ಏನೇ?" ಎನ್ನುತ್ತಿದ್ದಳು.

ಆಮೇಲೆ ಅವಳ ಬಲಗೈ ನಡುಗತೊಡಗಿತು. ನರದ ಕಾಯಿಲೆ, ಪೂರ್ತಿ ಹೋಗುವುದಿಲ್ಲ, ಆದರೆ ತಪ್ಪಿಸದೆ ಮಾತ್ರೆ ತೆಗೆದುಕೊಂಡರೆ ಇನ್ನೂ ಎಷ್ಟೋ ವರ್ಷ ಚಿತ್ರ ಬರೆಯಬಹುದು ಎಂದರು ಡಾಕ್ಟರು. ಅಕ್ಕನಿಗೆ ಬೇಕಿದ್ದುದು ಅಷ್ಟೇ. ಆ ಕೈಯೊಂದು ಉಳಿದರೆ ಅವಳಿಗೆ ಬೇರೇನೂ ಬೇಡವಾಗಿತ್ತು.

ಮಾತ್ರೆ ಶುರುವಾಗುವ ಮುಂಚೆ, ನಡುಗುವ ಕೈಯಲ್ಲೇ ಒಂದು ಕೆರೆ ಬರೆದಿದ್ದಳು. ನಾಚಿಕೆಯಿಂದ ಹರಿದುಹಾಕಲು ಹೊರಟದ್ದನ್ನು ಭಾವ ಕಸಿದುಕೊಂಡು ಅದರ ಮೇಲೂ ಹಾಳೆ ಹಾಸಿದರು. ಅದುರಿದ್ದನ್ನೆಲ್ಲ ಅದುರಿದ ಹಾಗೆಯೇ ಸ್ವರವಾಗಿ ಬರೆದರು. ನುಡಿಸಿ ನುಡಿಸಿ ನಮ್ಮ ಬೆರಳು ಸೋತುಹೋದವು. ಸಭಾಂಗಣದಲ್ಲಿ ಜನ ಎದ್ದು ನಿಂತರು. ನೀರು ಉಸಿರಾಡುವುದನ್ನು ಹೀಗೆ ಯಾರೂ ಕೇಳಿಸಿರಲಿಲ್ಲವಂತೆ. ಇದಕ್ಕೆ ಎರಡನೆಯ ಭಾಗ ಬೇಕೆಂದು ಸಭಾಂಗಣದವರು ಅಲ್ಲೇ ಹೇಳಿದರು.

ಅಷ್ಟರಲ್ಲಿ ಮಾತ್ರೆ ಕೆಲಸ ಮಾಡಿತ್ತು. ಅಕ್ಕ ಕುಣಿಯುವುದೊಂದು ಬಾಕಿ. ಹೊಸ ಚಿತ್ರದಲ್ಲಿ ಒಂದೊಂದು ಜೊಂಡೂ ನೆಟ್ಟಗೆ ನಿಂತಿತ್ತು. ಭಾವ ನೋಡಿ ಮುಖ ಸಿಂಡರಿಸಿದರು.

"ಇದೇನಿದು, ಸ್ಕೂಲ್ ಮಕ್ಕಳು ಬರೆದ ಹಾಗಿದೆ? ಒಂದು ಕೆಲಸ ಮಾಡು. ಮೊದಲು ಚಿತ್ರ ಬರಿ. ಆಮೇಲೆ ಮಾತ್ರೆ ತಗೋ."

ಬೆಳಗಿನ ಮಾತ್ರೆ ಮಧ್ಯಾಹ್ನಕ್ಕೆ ಹೋಯಿತು, ಮಧ್ಯಾಹ್ನದ್ದು ಸಂಜೆಗೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ನಾನು ಹೋದಾಗ ಅಕ್ಕ ಎಡಗೈಯಲ್ಲಿ ಮೇಜಿನ ಅಂಚು ಹಿಡಿದು, ಬಲಗೈಯಲ್ಲಿ ಕುಂಚ ನಿಲ್ಲಿಸಲು ಹೆಣಗುತ್ತಿದ್ದಳು. ಮೂಗಿನ ತುದಿಯಲ್ಲಿ ಬೆವರು. ಪಕ್ಕದಲ್ಲಿ ಭಾವ ಅವಳ ಬೆರಳುಗಳನ್ನೇ ನೋಡುತ್ತಾ ಕೂತಿದ್ದರು.

"ಮಾತ್ರೆ ಎಲ್ಲಿ?" ಎಂದೆ.

"ಬಂದಳಪ್ಪ ಬಾಯಿಬಡುಕಿ," ಎಂದರು ಭಾವ.

"ನಿಮಗೆ ಮನುಷ್ಯತ್ವ ಅನ್ನೋದು ಇದೆಯಾ ಭಾವ?"

"ನಿನಗೇನು ಗೊತ್ತು? ಆ ಕೈ ಈಗ ತಾನೇ ಹಾಡೋಕೆ ಶುರು ಮಾಡಿದೆ."

ನನ್ನ ಮೈ ಉರಿದುಹೋಯಿತು. ಅಕ್ಕನನ್ನು ಹೊರಗೆ ಕರೆದು, ಈಗಲೇ ನಮ್ಮನೆಗೆ ಬಾ ಎಂದೆ. ಅವಳು ಒಲ್ಲೆನೆಂದು ತಲೆಯಾಡಿಸಿದಳು.

"ಇದೊಂದು ಮುಗೀಲಿ ಕಣೇ. ಇಷ್ಟು ವರ್ಷದಲ್ಲಿ ಇವರು ನನ್ನ ಪಕ್ಕ ಇಷ್ಟು ಹೊತ್ತು ಕೂತಿದ್ದೇ ಇಲ್ಲ."

ಇಬ್ಬರಿಗೂ ಎರಡು ಬಾರಿಸಬೇಕೆನಿಸಿತು. ಬಾಗಿಲು ಧಡಾರನೆ ಹಾಕಿಕೊಂಡು ಬಂದೆ.

ಆ ವಾರವೇ, ಮಾತ್ರೆ ಕಾಣದ ಕಾಲು ಬಚ್ಚಲುಮನೆಯ ಬಾಗಿಲಲ್ಲಿ ಮರಗಟ್ಟಿ ನಿಂತುಬಿಟ್ಟಿತು. ಅಕ್ಕ ಬಲಗೈ ಊರಿ ಬಿದ್ದಳು. ಮಣಿಕಟ್ಟು ಪುಡಿಯಾಗಿದೆ, ಕೂಡಿಸುತ್ತೇವೆ, ಆದರೆ ಕುಂಚ ಹಿಡಿಯುವ ಆಸೆ ಬಿಡಿ ಎಂದರು ಆಸ್ಪತ್ರೆಯವರು. ಅಕ್ಕ ಗೋಡೆಯ ಕಡೆ ಮುಖ ತಿರುಗಿಸಿದಳು.

ಭಾವ ಬಂದರು. ಅತ್ತಿದ್ದರು, ಕಣ್ಣು ಕೆಂಪಗಿತ್ತು. ಕೈಗೆ ಹಾಕಿದ್ದ ಪ್ಲಾಸ್ಟರನ್ನು ಸವರುತ್ತಾ ಬಹಳ ಹೊತ್ತು ಕೂತರು. ಕೊನೆಗೂ ಬುದ್ಧಿ ಬಂತು ಅಂದುಕೊಂಡೆ, ಪಾಪ ಅಂತಲೂ ಅನ್ನಿಸಿತು. ಆಗ ಅವರ ಕಣ್ಣು ಹೊದಿಕೆಯ ಮೇಲಿದ್ದ ಅಕ್ಕನ ಎಡಗೈಯ ಮೇಲೆ ಬಿತ್ತು. ಅದೂ ಸಣ್ಣಗೆ ಅದುರುತ್ತಿತ್ತು.

"ಸಿಸ್ಟರ್, ಇವಳಿಗೆ ನಡುಕದ ಮಾತ್ರೆ ಕೊಟ್ಟಿರಾ?"

"ಇಲ್ಲ ಸಾರ್, ಈಗ ಕೊಡ್ತೀನಿ."

"ಸ್ವಲ್ಪ ತಡೀರಿ," ಎಂದರು ಭಾವ.

ಜೇಬಿನಿಂದ ಪೆನ್ನು ತೆಗೆದು ಅವಳ ಎಡಗೈ ಬೆರಳುಗಳ ನಡುವೆ ಸಿಕ್ಕಿಸಿದರು. ನಾನು ಹಾರಿ ಕಿತ್ತುಕೊಳ್ಳಲು ಹೋದೆ. ಪೆನ್ನು ಬರಲಿಲ್ಲ. ಅಕ್ಕ ಅದನ್ನು ಇದ್ದಬದ್ದ ಶಕ್ತಿಯೆಲ್ಲ ಹಾಕಿ ಹಿಡಿದುಕೊಂಡಿದ್ದಳು.

"ಅಡ್ಡ ಬರಬೇಡ ಕಣೇ," ಎಂದಳು. "ಒಂದು ಹಾಳೆ ಕೊಡು."