ಹೊಗೆ ಅಂಗಳದ ಒಡತಿಯರು

"ಮೀನಿನ ಮೇಲೆ ಕೆಮ್ಮಬ್ಯಾಡ ಕಣೇ ಮುಂಡೆ. ಜನ ದುಡ್ಡು ಕೊಡೋದು ಹೊಗೆ ವಾಸ್ನೆಗೆ, ನಿನ್ ಕಫಕ್ಕಲ್ಲ."

ಹೊಗೆ ಅಂಗಳದ ಮಾಲೀಕ ಎಫ್ರೆನ್ ಇದನ್ನು ಕೂಗಿ ಹೇಳಲಿಲ್ಲ. ಕುರ್ಚಿಯಿಂದ ಏಳದೆ, ಕಾಫಿ ಹೀರುತ್ತ, ಇವತ್ತು ಸೆಕೆ ಜಾಸ್ತಿ ಅನ್ನುವ ಧಾಟಿಯಲ್ಲಿ ಹೇಳಿದ. ಲೂಮಿಂಗ್ ಕೊರಳಿಗೆ ಸುತ್ತಿದ್ದ ಟವೆಲ್ಲನ್ನು ಬಾಯಿಗೆ ಒತ್ತಿಕೊಂಡು ಪಕ್ಕಕ್ಕೆ ತಿರುಗಿದಳು. ಅಂಗಳದಲ್ಲಿ ಎಲ್ಲರೂ ಬಾಸ್ ಹೇಳಿದ ಹಾಗೆ ಕೇಳುತ್ತಿದ್ದರು, ಕೆಮ್ಮು ಮಾತ್ರ ಕೇಳಲಿಲ್ಲ. ಅದು ಹೊಟ್ಟೆಯ ತಳದಿಂದ ಎದ್ದು ಬಂದು ಅವಳನ್ನು ಎರಡಾಗಿ ಮಡಚಿತು. ಕೈಯಲ್ಲಿದ್ದ ಬಿದಿರಿನ ತಟ್ಟೆ ಜಾರಿ, ಉಪ್ಪುನೀರಿನಲ್ಲಿ ಬೆಂದ ಗಲುಂಗೊಂಗ್ ಮೀನುಗಳೆಲ್ಲ ಮಣ್ಣಿಗೆ ಬಿದ್ದವು. ಅವುಗಳ ಪಕ್ಕದಲ್ಲೇ ಅವಳೂ ಬಿದ್ದಳು.

ಪಕ್ಕದ ಡ್ರಮ್ಮಿನಲ್ಲಿ ಮೀನಿಗೆ ಹೊಗೆ ಹಾಕುತ್ತಿದ್ದ ಪಾಸಿಂಗ್ ಓಡಿಬಂದು ಎತ್ತಿ ಕೂರಿಸಿದಳು. ಎಫ್ರೆನ್ ಮೊದಲು ಮೀನು ಎತ್ತಲು ಹೇಳಿದ.

ಮನಿಲಾ ಕೊಲ್ಲಿಯ ಆ ದಂಡೆಯಲ್ಲಿ ಹುಟ್ಟಿದ ಹೆಂಗಸರಿಗೆ ಹೊಗೆ ಹೊಸದಲ್ಲ. ಮರದ ಹೊಟ್ಟಿಗೆ ಬೆಂಕಿ ಹಾಕಿ, ಅದು ಉರಿಯದೆ ಬರೀ ಹೊಗೆಯಾಡುವಂತೆ ಕಾದು ಕೂತು, ಡ್ರಮ್ಮಿನ ಮೇಲಿನ ಮೀನು ಬಂಗಾರದ ಬಣ್ಣಕ್ಕೆ ತಿರುಗಿದ ಮೇಲೆ ಇಳಿಸಬೇಕು. ಹೀಗೆ ತಯಾರಾದ ತಿನಪಾ ಮನಿಲಾದ ತಿಂಡಿಮೇಜುಗಳಿಗೆ ಹೋಗುತ್ತದೆ. ಹೊಗೆ ಮಾತ್ರ ಹೆಂಗಸರ ಎದೆಯಲ್ಲೇ ಉಳಿಯುತ್ತದೆ. ಲೂಮಿಂಗ್‌ಳ ನಿಜವಾದ ಹೆಸರು ಇಲುಮಿನಾದಾ, ಬೆಳಕು ಪಡೆದವಳು ಎಂದು ಪಾದ್ರಿ ಅರ್ಥ ಹೇಳಿದ್ದರಂತೆ. ಲಂಗದ ವಯಸ್ಸಿನಲ್ಲಿ ಎಫ್ರೆನ್‌ನ ಅಪ್ಪನ ಅಂಗಳಕ್ಕೆ ಬಂದವಳು, ಈಗ ಮೊಮ್ಮಗಳನ್ನು ಕಂಡರೂ ಅಲ್ಲೇ ಇದ್ದಳು.

ಕೂಲಿಯವರಿಗೆಲ್ಲ ಕಾಯಿಲೆ ವಿಮೆ ಮಾಡಿಸಬೇಕು, ಅದರ ಕಂತಿನಲ್ಲಿ ದೊಡ್ಡ ಪಾಲನ್ನು ಮಾಲೀಕ ಕಟ್ಟಬೇಕು ಎಂದು ಸರ್ಕಾರದವರು ಬಿಗಿ ಮಾಡಿದ ವರ್ಷ ಎಫ್ರೆನ್ ಹಂದಿ ಸುಡಿಸಿ ಎಲ್ಲರಿಗೂ ಊಟ ಹಾಕಿಸಿದ್ದ. ಊಟ ಮುಗಿದ ಮೇಲೆ, ಇನ್ನು ಮುಂದೆ ನೀವ್ಯಾರೂ ನನ್ನ ಆಳುಗಳಲ್ಲ, ನಿಮ್ಮ ನಿಮ್ಮ ಡ್ರಮ್ಮಿಗೆ ನೀವೇ ಮಾಲೀಕರು, ನಾನು ಬರೀ ಮೀನು ಕೊಡುವವನು, ಕೊಳ್ಳುವವನು ಎಂದು ಭಾಷಣ ಮಾಡಿದ. ಹೆಂಗಸರು ಎಣ್ಣೆಗೈಯಲ್ಲೇ ಚಪ್ಪಾಳೆ ತಟ್ಟಿದರು. ಆಮೇಲೆ ಕಂತಿನ ಎರಡೂ ಪಾಲು ಅವರ ಕೂಲಿಯಲ್ಲೇ ಮುರಿಯತೊಡಗಿದಾಗ ಪಾಸಿಂಗ್ ಒಬ್ಬಳೇ, "ಆ ಹಂದೀನ ನಾವೇ ಕೊಂಡ್ಕೊಂಡು ತಿಂದಂಗಾಯ್ತಲ್ಲೇ," ಎಂದಿದ್ದಳು.

ಆರೋಗ್ಯ ಕೇಂದ್ರದ ಡಾಕ್ಟರು ಲೂಮಿಂಗ್‌ಳ ಎದೆಯ ಫೋಟೊ ಬೆಳಕಿಗೆ ಹಿಡಿದು ನೋಡಿ, ನೀವು ದಿನಕ್ಕೆ ಎಷ್ಟು ಸಿಗರೇಟು ಸೇದುತ್ತೀರಿ ಎಂದು ಕೇಳಿದರು. ಒಂದೂ ಇಲ್ಲ ಎಂದರೆ ನಂಬಲಿಲ್ಲ. ಇನ್ನು ಹೊಗೆಯ ಹತ್ತಿರ ಸುಳಿಯಬೇಡಿ, ತಿಂಗಳುಗಟ್ಟಲೆ ಮಲಗಿರಬೇಕು, ಚೆನ್ನಾಗಿ ತಿನ್ನಬೇಕು ಎಂದು ಚೀಟಿ ಬರೆದುಕೊಟ್ಟರು. ಮಲಗುವುದೂ ತಿನ್ನುವುದೂ ಒಟ್ಟಿಗೆ ಹೇಗೆ ಆಗುತ್ತದೆಂದು ಚೀಟಿಯಲ್ಲಿರಲಿಲ್ಲ.

ಗಂಜಿ ತಂದುಕೊಟ್ಟ ಪಾಸಿಂಗ್, ಇಷ್ಟು ವರ್ಷ ಕಂತು ಕಟ್ಟಿದ್ದು ಇಂಥದ್ದಕ್ಕೇ ಅಲ್ಲವೇ, ಹೋಗಿ ಕೇಳು ಎಂದು ಪಟ್ಟು ಹಿಡಿದಳು. ಲೂಮಿಂಗ್‌ಗೆ ಸಂಕೋಚ. ಮನಿಲಾದಲ್ಲಿ ಮನೆಗೆಲಸಕ್ಕಿರುವ ಮಗಳ ಹತ್ತಿರವೇ ಕೇಳದವಳು ಸರ್ಕಾರದ ಹತ್ತಿರ ಏನು ಕೇಳಿಯಾಳು? ಕೊನೆಗೆ ಪಾಸಿಂಗ್ ಅವಳಿಗೆ ಚರ್ಚಿನ ಉಡುಪು ತೊಡಿಸಿ, ಜೀಪ್ನಿ ಹತ್ತಿಸಿ, ತಾನೇ ಕರೆದುಕೊಂಡು ಹೋದಳು.

ವಿಮೆ ಕಚೇರಿಯ ಕೌಂಟರಿನ ಹುಡುಗಿ ಬಲು ವಿನಯದವಳು. ಅರ್ಜಿ ತಿರುಗಿಸಿ ನೋಡಿ ಕೇಳಿದಳು.

"ಅಮ್ಮಾ, ಕಾಯ್ಲೆ ಬಿದ್ದದ್ದನ್ನ ನಿಮ್ಮ ಮಾಲೀಕರಿಗೆ ತಿಳಿಸಿದ್ರಾ?"

"ಅವ್ರ ಎದುರ್ಗೇ ಬಿದ್ದೆ ಮೇಡಂ."

"ಇಲ್ಲಿ ನೀವೇ ಮಾಲೀಕರು ಅಂತ ಇದ್ಯಲ್ಲ."

"ಹೌದಂತೆ."

"ಹಾಗಾದ್ರೆ ನಿಮಗೆ ನೀವೇ ತಿಳಿಸಿದ ಹಾಗೆ ಸಹಿ ಮಾಡಿ. ಡ್ರಮ್ಮು, ಜಾಗ ನಿಮ್ದೇ ಅಂತ ಒಂದು ಕಾಗದ ಬೇಕು. ಇಲ್ಲದಿದ್ರೆ ನೀವು ಬೇರೆಯವ್ರ ಆಳು ಅಂತಾಗುತ್ತೆ, ಆಗ ನಾವು ಅವ್ರನ್ನ ಕೇಳ್ಬೇಕಾಗುತ್ತೆ."

ಲೂಮಿಂಗ್ ತನಗೆ ಕಾಯಿಲೆ ಬಂದ ಸಂಗತಿಯನ್ನು ತನಗೇ ತಿಳಿಸಿ ಸಹಿ ಹಾಕಿದಳು. ಹಿಂದೆ ನಿಂತಿದ್ದ ಪಾಸಿಂಗ್, "ಮಾಲೀಕಿ ಒಳ್ಳೇವ್ಳು, ಬಯ್ಯಾಕಿಲ್ಲ," ಎಂದು ಗೊಣಗಿದ್ದು ಸಾಲಿನಲ್ಲಿದ್ದವರಿಗೆಲ್ಲ ಕೇಳಿಸಿ ನಗು ಹಬ್ಬಿತು.

ಕಾಗದ ಕೇಳಲು ಹೋದರೆ ಎಫ್ರೆನ್ ನಾಯಿ ಬಿಡುತ್ತಾನೆಂದು ಅವಳು ಹೆದರಿದ್ದಳು. ಆದದ್ದು ಬೇರೆಯೇ. 'ಬೇರೆಯವರ ಆಳು' ಎನ್ನುವ ಮಾತು ಕಿವಿಗೆ ಬಿದ್ದದ್ದೇ ಅವನು ಕುರ್ಚಿಯಿಂದ ಎದ್ದುಬಿಟ್ಟ. ವಕೀಲಿ ಓದಿದ ಸೋದರಳಿಯ ಹೊವಿತೊನನ್ನು ಕರೆಸಿದ. ಹೊವಿತೊ ಸಂಜೆಯೊಳಗೆ ಕಾಗದ ಮಾಡಿಕೊಂಡು ಬಂದ. ಡ್ರಮ್ಮು, ತಟ್ಟೆ, ಉಪ್ಪಿನ ಬಾನಿ, ಅದು ನಿಂತ ನೆಲ ಎಲ್ಲ ಇಲುಮಿನಾದಾಳ ಸ್ವಂತದ್ದು, ಅದರ ಮೇಲೆ ಎಫ್ರೆನ್‌ಗೆ ಯಾವ ಹಕ್ಕೂ ಇಲ್ಲ, ಅವಳು ಯಾವಾಗ ಬೇಕಾದರೂ ಬರಬಹುದು, ಯಾವಾಗ ಬೇಕಾದರೂ ಹೋಗಬಹುದು. ನಾಳೆ ಇನ್ನೊಬ್ಬಳು ಬಿದ್ದರೆ ಮತ್ತೆ ತಲೆನೋವು ಯಾಕೆಂದು ಅಂಗಳದ ಅಷ್ಟೂ ಹೆಂಗಸರಿಗೆ ಅಂಥದ್ದೇ ಕಾಗದ ಮಾಡಿಸಿ, ಊರ ಮುಖ್ಯಸ್ಥನಾದ ಕ್ಯಾಪ್ಟನ್ ಕೈಯಲ್ಲಿ ಮೊಹರು ಹಾಕಿಸಿ ಹಂಚಿದ. ಕೊಡುವಾಗ ಒಬ್ಬೊಬ್ಬಳಿಗೂ ಟೋಪಿ ತೆಗೆದು ಬಾಗಿದ.

"ತಗಳ್ರಮ್ಮಾ ಒಡತೀರೆ. ನಿಮ್ಮಂಥ ಶ್ರೀಮಂತ್ರಿಗೆ ನಾನು ಎಲ್ಲಿ ಸಾಟಿ."

ಆ ದಿನ ಎಲ್ಲರಿಗಿಂತ ಜೋರಾಗಿ ನಕ್ಕವನು ಹೊವಿತೊ.

ಅರ್ಜಿಯ ತಪಾಸಣೆಗೆ ಹೋಗಬೇಕಾದ ವೈದ್ಯರ ಕೋಣೆ ಕಚೇರಿಯ ಮೂರನೆಯ ಮಹಡಿಯಲ್ಲಿತ್ತು. ಲಿಫ್ಟು ಸಿಬ್ಬಂದಿಗೆ ಮಾತ್ರ. ಮೆಟ್ಟಿಲಲ್ಲಿ ಕೂತು ಎದ್ದು ಹತ್ತುವಷ್ಟರಲ್ಲಿ ಲೂಮಿಂಗ್‌ಳ ತುಟಿ ನೀಲಿಗಟ್ಟಿತ್ತು. ವೈದ್ಯರು ಅವಳ ಎದೆಗಿಂತ ಹೆಚ್ಚು ಹೊತ್ತು ಅವಳ ಕಾಗದಗಳನ್ನು ಪರೀಕ್ಷಿಸಿದರು. ಕೆಲವು ವಾರಗಳ ಮೇಲೆ ಉತ್ತರ ಬಂತು. ಅದನ್ನು ಓದಲು ಪಾಸಿಂಗ್ ತನ್ನ ಮಗಳನ್ನು ಕರೆತಂದಳು. ಅರ್ಜಿದಾರಳಿಗೆ ಶ್ವಾಸಕೋಶದ ತೊಂದರೆ ಇರುವುದು ನಿಜ. ಹೊಗೆಯ ಕೆಲಸಕ್ಕೆ ಅವಳು ಯೋಗ್ಯಳಲ್ಲ ಎಂಬುದೂ ನಿಜ. ಆದರೆ ಆಕೆ ಸ್ವಂತ ಉದ್ದಿಮೆಯ ಒಡತಿಯಾದ್ದರಿಂದ ಕುಳಿತಲ್ಲಿಂದಲೇ ಮೇಲ್ವಿಚಾರಣೆ ನಡೆಸಲು ಅಡ್ಡಿ ಕಾಣುವುದಿಲ್ಲ. ಆದ್ದರಿಂದ ಪರಿಹಾರ ನಿರಾಕರಿಸಲಾಗಿದೆ.

ಹುಡುಗಿ ಓದಿ ಮುಗಿಸಿದಳು. ಪಾಸಿಂಗ್ ಕಚೇರಿಯವರ ತಾಯಂದಿರನ್ನೆಲ್ಲ ಒಮ್ಮೆ ನೆನೆಸಿಕೊಂಡಳು. ಲೂಮಿಂಗ್ ಮಾತ್ರ ಮೇಲ್ವಿಚಾರಣೆ ಎಂದರೇನು ಎಂದು ಕೇಳಿದಳು.

"ಬಾಸ್ ಮಾಡ್ತಾನಲ್ಲ, ಅದು ಕಣಕ್ಕ," ಎಂದಳು ಪಾಸಿಂಗ್.

ಲೂಮಿಂಗ್ ಗೋಡೆಗೆ ಒರಗಿ ಉಸಿರು ಕೂಡಿಸಿಕೊಂಡಳು. ಆಮೇಲೆ, "ಹಂಗಾರೆ ನಾಳೆ ಕೆಲ್ಸಕ್ಕೆ ಬತ್ತೀನಿ," ಎಂದಳು.

ಅವು ಪವಿತ್ರ ವಾರದ ಹಿಂದಿನ ದಿನಗಳು. ಇಡೀ ದೇಶ ಮಾಂಸ ಬಿಟ್ಟು ಮೀನು ತಿನ್ನುವ ಕಾಲ. ವರ್ಷದ ದುಡಿಮೆಯೆಲ್ಲ ಎಫ್ರೆನ್‌ಗೆ ಆ ವಾರದಲ್ಲೇ. ರಾತ್ರಿ ಬಂದ ದೋಣಿಗಳ ಮೀನು ಐಸಿನ ಜೊತೆ ಗೋಡೆಯೆತ್ತರ ಪೇರಿಸಿಟ್ಟಿತ್ತು. ಹೆಂಗಸರು ಆಗಲೇ, ಲೂಮಿಂಗ್‌ಳ ಡ್ರಮ್ಮೂ ಸೇರಿ, ಎಲ್ಲ ಡ್ರಮ್ಮುಗಳ ಹೊಟ್ಟಿಗೆ ಬೆಂಕಿ ತಾಗಿಸಿದ್ದರು. ಲೂಮಿಂಗ್ ಪಾಸಿಂಗ್‌ಳ ಹೆಗಲು ಹಿಡಿದು ಬಂದಳು. ಎಫ್ರೆನ್ ಇನ್ನೂ ಬಂದಿರಲಿಲ್ಲ. ಅವನ ಕುರ್ಚಿ ಮಾವಿನ ಮರದ ಕೆಳಗೆ ಖಾಲಿಯಿತ್ತು. ಅವಳು ಅದರಲ್ಲಿ ಕೂತಳು. ಕೂತು ಮೇಲ್ವಿಚಾರಣೆ ಶುರು ಮಾಡಿದಳು.

ಮೊದಲು ತನ್ನ ಡ್ರಮ್ಮಿಗೆ ನೀರು ಹುಯ್ಯಲು ಪಾಸಿಂಗ್‌ಗೆ ಹೇಳಿದಳು. ಅದು ಬುಸ್ಸೆಂದು ಆರಿತು. ಪಾಸಿಂಗ್ ಯಾರ ಅಪ್ಪಣೆಗೂ ಕಾಯದೆ ತನ್ನದಕ್ಕೂ ಹುಯ್ದಳು. ಉಳಿದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೋ ಒಬ್ಬಳು ಬಕೆಟ್ಟು ಎತ್ತಿದಳು. ಮತ್ತೊಬ್ಬಳು ಎತ್ತಲಿಲ್ಲ, ಮನೆಯಲ್ಲಿ ಎಳೆಮಕ್ಕಳಿವೆ ಎಂದು ಅಳತೊಡಗಿದಳು. ಅವಳ ಡ್ರಮ್ಮಿಗೆ ಯಾರೂ ಕೈಹಚ್ಚಲಿಲ್ಲ. ಕೊನೆಗೆ ಅವಳೇ, ಅಳುತ್ತಲೇ, ಒಂದು ಮಗ್ಗಿನಲ್ಲಿ ಸ್ವಲ್ಪ ಸ್ವಲ್ಪವಾಗಿ ಅದಕ್ಕೆ ಹುಯ್ದಳು.

ಎಫ್ರೆನ್ ಬಂದಾಗ ಅಂಗಳದಲ್ಲಿ ಹೊಗೆಯೇ ಇರಲಿಲ್ಲ. ಆಚೆ ದಡದ ತನಕ ಸಮುದ್ರ ಕಾಣಿಸುತ್ತಿತ್ತು.

"ಯಾವ ಸೂಳೆ ಹೇಳಿದ್ದು ಬೆಂಕಿ ಆರ್ಸೋಕೆ?"

"ನಾನೇ ಬಾಸ್," ಎಂದಳು ಲೂಮಿಂಗ್, ಕುರ್ಚಿಯಿಂದ ಏಳದೆ. "ನಮ್ಮ ಉದ್ದಿಮೆ ಇವತ್ತು ಮುಚ್ಚೈತೆ. ನಿಮ್ಮ ಮೀನು ನಮ್ಗೆ ಬ್ಯಾಡ. ಬೇರೆ ಕಡೆ ಕೇಳ್ನೋಡಿ."

ಎಫ್ರೆನ್ ಕೈ ಎತ್ತಿದ. ಎತ್ತಿದ ಕೈಯ ಸುತ್ತ ಒದ್ದೆ ಬಕೆಟ್ಟು ಹಿಡಿದ ಹೆಂಗಸರು ಬಂದು ನಿಂತದ್ದನ್ನು ನೋಡಿ ಅದನ್ನು ತಲೆಗೂದಲಿಗೆ ಒಯ್ದು ಕೆರೆದುಕೊಂಡ. ಹೊವಿತೊನಿಗೆ ಫೋನು ಹೋಯಿತು. ಹೊವಿತೊ ಬಂದು ಪಾಸಿಂಗ್ ಕೊಟ್ಟ ಕಾಗದವನ್ನು ನಿಂತಲ್ಲೇ ಓದಿದ, ಇನ್ನೊಮ್ಮೆ ಓದಿದ. ಎಲ್ಲಾದರೂ ಒಂದು ತೂತು ಸಿಗುತ್ತದೋ ಎಂದು ಮಾವ ಅವನ ಮುಖವನ್ನೇ ನೋಡುತ್ತಿದ್ದ.

"ಇಲ್ಲ ಮಾವ," ಎಂದ ಹೊವಿತೊ ಮೆಲ್ಲಗೆ. "ಬಿಗಿಯಾಗೇ ಬರ್ದಿದೀನಿ."

ಆಗ ಎಫ್ರೆನ್ ದನಿ ಬದಲಿಸಿದ. ಲೂಮಿಂಗ್‌ಳನ್ನು ಅಕ್ಕ ಎಂದ. ಔಷಧಿಗೆ ಏನಾದರೂ ಕೊಡುತ್ತೇನೆ, ಈ ವಾರ ಒಂದು ಕಳೆಯಲಿ ಎಂದ. ಅವಳು ಉತ್ತರ ಕೊಡಲು ಬಾಯಿ ತೆರೆದಳು, ಕೆಮ್ಮು ಬಂತು. ಅದು ನಿಲ್ಲುವ ತನಕ ಎಲ್ಲರೂ ಕಾದರು, ಎಫ್ರೆನ್ ಕೂಡ. ಆ ಅಂಗಳದಲ್ಲಿ ಅವಳ ಕೆಮ್ಮಿಗೆ ಯಾರಾದರೂ ಕಾದದ್ದು ಅದೇ ಮೊದಲು. ಟವೆಲ್ಲಿನ ಕೆಂಪನ್ನು ಒಳಕ್ಕೆ ಮಡಚಿ ಅವಳು ಪಾಸಿಂಗ್ ಕಡೆ ಕಣ್ಸನ್ನೆ ಮಾಡಿದಳು.

ಹೆಂಗಸರು ತಮ್ಮ ತಮ್ಮ ಡ್ರಮ್ಮುಗಳನ್ನು ಅಡ್ಡ ಕೆಡವಿ ಉರುಳಿಸತೊಡಗಿದರು. ಗೇಟಿನ ಹೊರಗೆ, ಕಲ್ಲುರಸ್ತೆಯ ಮೇಲೆ ಅವು ಒಂದರ ಹಿಂದೆ ಒಂದು ಗಡಗಡ ಉರುಳುತ್ತ ಹೊರಟವು. ಚರ್ಚಿಗೆ ಹೊರಟವರು ದಾರಿ ಬಿಟ್ಟು ನಿಂತರು. ಲೂಮಿಂಗ್‌ಳನ್ನು ಮೀನಿನ ತಳ್ಳುಗಾಡಿಯಲ್ಲಿ ಕೂರಿಸಿದ್ದರು.

"ನಾಳೆ ಏನ್ ತಿಂತೀರೇ?" ಎಂದು ಎಫ್ರೆನ್ ಗೇಟಿನಿಂದ ಕೂಗಿದ.

ಅದು ಅವರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವನ ಬೆನ್ನ ಹಿಂದೆ ಪೇರಿಸಿಟ್ಟ ಐಸು ಕರಗತೊಡಗಿತ್ತು. ನಸುಗೆಂಪು ನೀರು ಅವನ ಬಿಳಿ ಬೂಟುಗಳನ್ನು ಸುತ್ತಿ, ಗೇಟಿನ ಅಡಿಯಿಂದ ಬೀದಿಗೆ ಇಳಿಯುತ್ತಿತ್ತು. ನೊಣಗಳು ಬರತೊಡಗಿದ್ದವು.