ಟಿಫಿನ್ ಡಬ್ಬಿಯ ಗಟ್ಟಿಮೇಳ

ನನ್ನನ್ನು ಮೊದಲ ಸಲ ನೋಡಿದವರು ಮುಚ್ಚಳ ತೆಗೆದು ಒಳಗೆ ಚಿತ್ರಾನ್ನ ಇದೆಯೇ ಎಂದು ಹುಡುಕುತ್ತಾರೆ. ತಪ್ಪು ಅವರದ್ದಲ್ಲ, ನಾನು ಹುಟ್ಟಿದ್ದೇ ಅಲ್ಯೂಮಿನಿಯಂ ಟಿಫಿನ್ ಡಬ್ಬಿಯಲ್ಲಿ. ಆದರೆ ನಾನು ಗಿಟಾರಿನ ಫಜ್ ಪೆಡಲು. ತಂತಿಯ ಸದ್ದು ಒಂದು ಕಡೆಯಿಂದ ಸಾಧುವಾಗಿ ನನ್ನೊಳಗೆ ಬರುತ್ತದೆ, ಇನ್ನೊಂದು ಕಡೆಯಿಂದ ಗರಗರ ಎನ್ನುತ್ತಾ ಸ್ಪೀಕರಿಗೆ ಹೋಗುತ್ತದೆ. ಆ ಗರಗರ ನನ್ನ ಸ್ವಂತದ್ದು. ಅದರ ಬಗ್ಗೆ ನನಗೆ ಸ್ವಲ್ಪ ಜಂಬವೂ ಇದೆ.

ನನ್ನನ್ನು ಮಾಡಿದವಳು ಚಿಂತಾಮಣಿಯ ಹೇಮಲತ. ಊರಿನ ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುತ್ತಿದ್ದಳು, ಮಿಕ್ಕ ಹೊತ್ತು ಮನೆಯಲ್ಲೇ ಆಂಪ್ಲಿಫೈಯರ್ ರಿಪೇರಿ ಮಾಡುತ್ತಿದ್ದಳು. ಎರಡು ಟ್ರಾನ್ಸಿಸ್ಟರು, ಒಂದಿಷ್ಟು ರೆಸಿಸ್ಟರು, ಕೆಪಾಸಿಟರು, ತಿರುಗಿಸಲು ಎರಡು ಗುಂಡಿ, ಕಾಲಲ್ಲಿ ಒತ್ತಲು ಒಂದು ಸ್ವಿಚ್ಚು, ಹೊಟ್ಟೆಪಾಡಿಗೆ ಒಂಬತ್ತು ವೋಲ್ಟಿನ ಚೌಕದ ಸೆಲ್ಲು. ಇಷ್ಟೇ ನನ್ನ ಸಂಸಾರ. ನಾನು ಮೊದಲು ಬಾಯಿಬಿಟ್ಟಾಗ ಪಕ್ಕದ ಮನೆಯವರು ಬಂದು ಮಿಕ್ಸಿ ಸುಟ್ಟುಹೋಯಿತೇ ಎಂದು ಕೇಳಿದರು. ಹೇಮಳ ತಾಯಿ ನಾಗವೇಣಮ್ಮನಿಗೆ ಬೇರೆಯದೇ ಚಿಂತೆ.

"ನೆಟ್ಟಗಿದ್ದ ಡಬ್ಬಿಗೆ ತೂತು ಕೊರೆದ್ಯಲ್ಲೇ" ಎಂದರು.

ತಂದೆ ಅಶ್ವತ್ಥಪ್ಪ ಎದ್ದು ಜಗಲಿಗೆ ಹೋದರು. ಅವರು ನಾಗಸ್ವರದವರು. ಸುತ್ತಮುತ್ತಲ ಊರುಗಳಲ್ಲಿ ಅವರ ಓಲಗವಿಲ್ಲದೆ ತಾಳಿ ಕಟ್ಟಿದವರೇ ಕಡಿಮೆ. ಆದರೆ ಮುಂದಿನ ಹಲ್ಲು ಬಿದ್ದವು. ಕಟ್ಟಿಸಿದ ಹಲ್ಲು ಬಾಯಿಗಿಟ್ಟು ಊದುವ ಪೀಪಿಯ ಮೇಲೆ ನಿಲ್ಲಲಿಲ್ಲ. ವಾದ್ಯ ಬಟ್ಟೆಚೀಲ ಸೇರಿತು, ಮನುಷ್ಯ ಮಂಕಾದರು. ಇರುವವರು ಇಬ್ಬರು ಹೆಣ್ಣುಮಕ್ಕಳು, ಇಬ್ಬರಿಗೂ ಅವರು ನಾಗಸ್ವರ ಕಲಿಸಿರಲಿಲ್ಲ. ಮೇಳ ತನ್ನ ಜೊತೆಗೇ ಮುಗಿಯಿತು ಎಂದು ಬಂದವರ ಮುಂದೆಲ್ಲ ಹೇಳಿಕೊಳ್ಳುತ್ತಿದ್ದರು.

ಅಷ್ಟರಲ್ಲಿ ಹಿರಿಮಗಳು ಪೂರ್ಣಿಮಳ ಮದುವೆ ಗೊತ್ತಾಯಿತು. ಬೇರೆ ಮೇಳ ಕರೆಸೋಣ ಎಂದು ನಾಗವೇಣಮ್ಮ ಹೇಳಿದ್ದೇ ತಡ, ಅಶ್ವತ್ಥಪ್ಪ ಊಟದ ತಟ್ಟೆ ಬಿಟ್ಟು ಎದ್ದರು.

"ಊರಿಗೆಲ್ಲ ನಾನು ಊದಿ, ನನ್ ಮಗಳ ಮದುವೇಲಿ ಇನ್ಯಾರದೋ ಓಲಗ ಕೇಳ್ಕೊಂಡು ಕೂತ್ಕೊಳ್ಳಾ? ಬರೀ ಡೋಲು ಬಡೀಲಿ ಬಿಡು."

ಹೇಮ ಒಂದು ದಿನವೆಲ್ಲ ಯೋಚಿಸಿದಳು. ಮರುದಿನ ಅಪ್ಪನೆದುರು ಚಾಪೆ ಹಾಸಿ, ಗಿಟಾರ್ ತೊಡೆಯ ಮೇಲಿಟ್ಟು, ನನ್ನನ್ನು ಪಾದದ ಬಳಿ ಇಟ್ಟುಕೊಂಡಳು. ಚಿಕ್ಕಂದಿನಿಂದ ಕೇಳಿ ಕೇಳಿ ಗಟ್ಟಿಮೇಳದ ಸ್ವರಗಳು ಅವಳಿಗೆ ಬಾಯಿಪಾಠ. ತಂತಿಯನ್ನು ಜಗ್ಗಿ ಜಗ್ಗಿ, ಸ್ವರ ಜಾರಿಸಿ ನುಡಿಸಿದಳು. ನಾನೂ ನನ್ನ ಕೈಲಾದಷ್ಟು ಕಿರುಚಿದೆ. ಅಶ್ವತ್ಥಪ್ಪ ಮುಖ ಸಿಂಡರಿಸಿದರು.

"ಹೊಟ್ಟೆ ಜಾಸ್ತಿ ಐತೆ, ಮೂಗು ಸಾಲ್ದು."

ನನಗೆ ಬಹಳ ಬೇಜಾರಾಯಿತು. ಹೇಮಳಿಗೆ ಮಾತ್ರ ಅಷ್ಟೇ ಸಾಕಾಗಿತ್ತು. ನನ್ನ ದಪ್ಪ ಕೆಪಾಸಿಟರನ್ನು ಬಿಚ್ಚಿ ಸಣ್ಣದನ್ನು ಬೆಸೆದಳು. ನನ್ನ ದನಿಯ ಗುಡುಗೆಲ್ಲ ಇಳಿದುಹೋಯಿತು. ಅಶ್ವತ್ಥಪ್ಪ ಕೇಳಿ, "ಈಗ ಗಂಟ್ಲು ಕಟ್ಟೈತೆ" ಎಂದರು. ಮತ್ತೆ ಬಿಚ್ಚಿದಳು. ಪೀಪಿಯನ್ನು ಹೇಗೆ ಹೆರೆಯುತ್ತಿದ್ದರು, ಎಷ್ಟು ಒದ್ದೆ ಮಾಡುತ್ತಿದ್ದರು ಎಂದು ಅವರು ಹೇಳುತ್ತಿದ್ದರು. ಇವಳು ಒಂದು ರೆಸಿಸ್ಟರು ತೆಗೆದು ಇನ್ನೊಂದು ಹಾಕುತ್ತಿದ್ದಳು. ಬೆಳಿಗ್ಗೆ ತಿಂಡಿಯಾದ ಮೇಲೆ ಶುರುವಾದರೆ ನಾಗವೇಣಮ್ಮ ಊಟಕ್ಕೆ ಕೂಗುವವರೆಗೂ ಇದೇ. ಮಾತೇ ಕಡಿಮೆಯಾಗಿದ್ದ ಮನುಷ್ಯ ನನ್ನನ್ನು ಬೈಯುವ ನೆಪದಲ್ಲಿ ಮಗಳ ಜೊತೆ ಗಂಟೆಗಟ್ಟಲೆ ಮಾತಾಡುತ್ತಿದ್ದರು. ಬೈಸಿಕೊಳ್ಳುವುದರಲ್ಲೂ ಸುಖವಿದೆ ಎಂದು ನನಗೆ ಗೊತ್ತಾದದ್ದು ಆಗಲೇ.

ಮದುವೆಗೆ ಒಂದೆರಡು ದಿನ ಇದ್ದಾಗ ಹೇಮ ಇನ್ನೊಂದು ಕೆಪಾಸಿಟರು ಬದಲಿಸಿ ನುಡಿಸಿದಳು. ದನಿ ಸಣ್ಣಗೆ, ಸ್ವಲ್ಪ ಬಿರುಕುಬಿಟ್ಟು, ಮೂಗಿನಿಂದ ಹೊರಟಿತು. ಅಶ್ವತ್ಥಪ್ಪ ಕಣ್ಣು ಮುಚ್ಚಿದರು.

"ಇದೇ. ಇನ್ನು ಮುಟ್ಬೇಡ."

ಆ ಕೆಪಾಸಿಟರಿನ ಮಹಿಮೆ ಎಂದು ಹೇಮ ಹಿಗ್ಗಿದಳು. ನಿಜ ಬೇರೆಯೇ ಇತ್ತು. ದಿನವೂ ದುಡಿದು ದುಡಿದು ನನ್ನೊಳಗಿನ ಸೆಲ್ಲು ಸೊರಗಿತ್ತು. ಅರೆಹೊಟ್ಟೆಯಲ್ಲಿದ್ದುದರಿಂದಲೇ ನನ್ನ ದನಿ ಹಾಗೆ ಬಂದದ್ದು. ಹೇಳೋಣವೆಂದರೆ ಯಾರಾದರೂ ತಂತಿ ಮೀಟದೆ ನನಗೆ ಬಾಯಿ ಇಲ್ಲವಲ್ಲ.

ಮದುವೆಯ ದಿನ ಛತ್ರದಲ್ಲಿ ಮುಹೂರ್ತ ಹತ್ತಿರವಾಯಿತು. ಅಶ್ವತ್ಥಪ್ಪನ ಹಳೆಯ ಜೊತೆಗಾರ, ಡೋಲಿನ ಗಂಗುಲಪ್ಪ, ಹೇಮಳ ಪಕ್ಕದಲ್ಲಿ ಬಂದು ಕೂತರು. ಹೇಮ ಸದ್ದು ನೋಡಲು ತಂತಿ ಮೀಟಿದಳು. ಗರ್ರ್ ಎಂದು ಲಾರಿ ಸ್ಟಾರ್ಟ್ ಆದಂತೆ ನಾನು ಅಬ್ಬರಿಸಿದೆ. ಮುಂದಿನ ಸಾಲಿನಲ್ಲಿ ಮಗುವೊಂದು ಅತ್ತಿತು. ಮಂಟಪದಲ್ಲಿ ಕೂತಿದ್ದ ಅಶ್ವತ್ಥಪ್ಪನ ಮುಖ ಸಪ್ಪಗಾಯಿತು. ಹೇಮ ಗುಂಡಿಗಳನ್ನು ಅತ್ತ ಇತ್ತ ತಿರುಗಿಸಿದಳು. ಏನೂ ಆಗಲಿಲ್ಲ. ಮುಚ್ಚಳ ತೆಗೆದು ನೋಡಿದರೆ ಹೊಚ್ಚಹೊಸ ಸೆಲ್ಲು ಮಿನುಗುತ್ತಿತ್ತು.

"ಅಮ್ಮಾ, ಹಳೇ ಸೆಲ್ ಎಲ್ಲಿ?"

"ಅದ್ರಲ್ಲಿ ಜೀವಾನೇ ಇರ್ಲಿಲ್ಲ ಅಂತ ಅಂಗಡಿಯವ್ನು ಅಂದ, ಬಿಸಾಕ್ದೆ. ಶುಭಕಾರ್ಯಕ್ಕೆ ಎಲ್ಲಾರ್ಗೂ ಹೊಸದು ತಂದಿದೀವಿ, ಅದಕ್ಕೂ ಒಂದು ತಂದೆ" ಎಂದರು ನಾಗವೇಣಮ್ಮ, ಹೊಸ ಸೀರೆಯ ನೆರಿಗೆ ಸರಿಮಾಡಿಕೊಳ್ಳುತ್ತಾ.

ಹೇಮ ಬಿಟ್ಟಕಣ್ಣು ಬಿಟ್ಟಂತೆ ಕೂತಳು. ಅಪ್ಪ ಮೆಚ್ಚಿದ್ದು ಸೊರಗಿದ ಸೆಲ್ಲನ್ನು ಎಂದು ಅವಳಿಗೆ ಆಗ ಹೊಳೆಯಿತು. ಈ ಗಳಿಗೆಯಲ್ಲಿ ಸೊರಗಿದ ಸೆಲ್ಲನ್ನು ಎಲ್ಲಿಂದ ತರುವುದು? ಹೊಸದಾದರೆ ಯಾವ ಅಂಗಡಿಯಲ್ಲೂ ಸಿಗುತ್ತದೆ. ಅವಳ ಕಣ್ಣಲ್ಲಿ ನೀರು ಬಂತು, ನನಗೂ ಸಂಕಟವಾಯಿತು.

ಅತ್ತ ಶಾಸ್ತ್ರಿಗಳ ಕೈಲಿದ್ದ ವೈರ್‌ಲೆಸ್ ಮೈಕು ಬೆಳಗಿನಿಂದ ಕೆಮ್ಮುತ್ತಿತ್ತು. ಅರ್ಧ ಮಂತ್ರ ಛತ್ರಕ್ಕೆ ಕೇಳಿದರೆ ಇನ್ನರ್ಧ ಅವರ ಗಡ್ಡಕ್ಕಷ್ಟೇ ಕೇಳುತ್ತಿತ್ತು. ಅವರು ಮೈಕನ್ನು ಮತ್ತೊಮ್ಮೆ ಕುಟ್ಟಿದಾಗ ಹೇಮ ತಿರುಗಿ ನೋಡಿದಳು. ಅದರ ಹೊಟ್ಟೆಪಾಡೂ ನನ್ನಂಥದೇ ಚೌಕದ ಸೆಲ್ಲಿನದ್ದು. ನನ್ನ ಸೆಲ್ಲನ್ನು ಕಿತ್ತುಕೊಂಡು ಮಂಟಪಕ್ಕೆ ಓಡಿದಳು.

"ಸ್ವಾಮಿ, ನಿಮ್ಮ ಸೆಲ್ ಕೊಡಿ, ನಮ್ಮದು ತಗೊಳ್ಳಿ. ಹೊಸದು."

"ಹೊಸದು ಕೊಟ್ಟು ಹಳೇದು ಕೇಳೋರ್ನ ಇವತ್ತೇ ಕಂಡಿದ್ದು ಕಣಮ್ಮ" ಎಂದು ಶಾಸ್ತ್ರಿಗಳು ನಗುತ್ತಾ ಮೈಕು ಬಿಚ್ಚಿಕೊಟ್ಟರು.

ಅವರ ಹಳೆಯ ಸೆಲ್ಲು ನನ್ನ ಹೊಟ್ಟೆ ಸೇರುವುದಕ್ಕೂ, ಅವರು ಛತ್ರ ನಡುಗುವ ಹಾಗೆ "ಗಟ್ಟಿಮೇಳ" ಎಂದು ಕೂಗುವುದಕ್ಕೂ ಸರಿಹೋಯಿತು. ಗಂಗುಲಪ್ಪನ ಡೋಲು ಸಿಡಿಯಿತು, ಹೇಮ ತಂತಿ ಜಗ್ಗಿದಳು. ನನ್ನ ದನಿ ಸಣ್ಣಗೆ, ಬಿರುಕುಬಿಟ್ಟು, ಮೂಗಿನಿಂದ ಏರಿತು. ಊಟದ ಮನೆಯಲ್ಲಿದ್ದವರು, ಅಶ್ವತ್ಥಪ್ಪ ಮತ್ತೆ ಊದುತ್ತಿದ್ದಾರೆ ಎಂದು ಹೊರಗೆ ಓಡಿಬಂದರಂತೆ. ಅಶ್ವತ್ಥಪ್ಪ ಅಳುತ್ತಿದ್ದರು. ಅಂಥಾ ಖುಷಿ ನನಗೆ ಹಿಂದೆಯೂ ಆಗಿರಲಿಲ್ಲ, ಮುಂದೆಯೂ ಆಗಲಿಲ್ಲ. ಆದರೆ ಊಟವಾದ ಮೇಲೆ ಹೇಮ ಆಸೆಯಿಂದ ಹತ್ತಿರ ಹೋದಾಗ ಅವರು "ಪರವಾಗಿಲ್ಲ" ಎಂದಷ್ಟೇ ಅಂದರು.

ಆ ಒಂದು ಮಾತು ಅವಳನ್ನು ಬಹಳ ದಿನ ಕೊರೆಯಿತು. ಹೊಸ ಸೆಲ್ಲನ್ನೂ ಸೊರಗಿಸಬಲ್ಲ ಮೂರನೆಯ ಗುಂಡಿಯೊಂದನ್ನು ಸೇರಿಸಿ ಇನ್ನೊಂದು ಪೆಡಲು ಮಾಡಿದಳು. ನನ್ನ ಗುಂಡಿಗಳು ಸಡಿಲವಾಗಿದ್ದವು, ಸ್ವಿಚ್ಚು ಒತ್ತಿದರೆ ಒಮ್ಮೆ ಹೂಂ ಅಂದರೆ ಒಮ್ಮೆ ಊಹೂಂ. ಹಾಗಾಗಿ ನನಗೆ ನಡುಮನೆಯ ಗೂಡಿನಲ್ಲಿ ಜಾಗ ಸಿಕ್ಕಿತು. ಬೇಸರವೇನೂ ಇಲ್ಲ. ಅನ್ನ ಹೊರಲು ಹುಟ್ಟಿದ ಡಬ್ಬಿ ಒಂದು ಮದುವೆಯನ್ನು ಹೊತ್ತಿತು, ಇದಕ್ಕಿಂತ ಇನ್ನೇನು ಬೇಕು?

ಮೊನ್ನೆ ಈ ಗೂಡಿನಿಂದಲೇ ಒಂದು ನೋಟ ನೋಡಿದೆ. ಶ್ರೀನಿವಾಸಪುರದ ಕಡೆಯ ಹಿರಿಯರೊಬ್ಬರು ತಟ್ಟೆಯಲ್ಲಿ ಎಲೆ ಅಡಿಕೆ ಹಿಡಿದು ಬಂದರು. ಪೂರ್ಣಿಮಳ ಮದುವೆಯ ಗಟ್ಟಿಮೇಳ ಕೇಳಿದ್ದ ಅವರಿಗೆ ಮಗನ ಮದುವೆಗೆ ಅದೇ ಮೇಳ ಗೊತ್ತುಮಾಡಬೇಕಿತ್ತು. ವೀಳ್ಯ ಕೊಡುವುದು ಮೇಳದ ಮುಖ್ಯಸ್ಥರ ಕೈಗೇ. ಅವರು ವಾಡಿಕೆಯಂತೆ ತಟ್ಟೆಯನ್ನು ಅಶ್ವತ್ಥಪ್ಪನ ಮುಂದೆ ಚಾಚಿದರು. ಅಶ್ವತ್ಥಪ್ಪನ ಎರಡೂ ಕೈ ಅಭ್ಯಾಸಬಲದಿಂದ ಮೇಲೆದ್ದವು. ಎದ್ದ ಕೈಗಳನ್ನು ಅವರು ಹಾಗೇ ಇಳಿಸಿಕೊಂಡು, ಒಳಗೆ ಬೆಸುಗೆ ಹಾಕುತ್ತಿದ್ದ ಮಗಳ ಕಡೆ ತಿರುಗಿದರು.

"ಹೇಮಾ, ಕೈ ತೊಳ್ಕೊಂಡು ಬಾಮ್ಮ. ವೀಳ್ಯ ಬಂದೈತೆ."