ಡೋಲಿನ ಎಂಟು ಏಟು

"ಊದಬ್ಯಾಡ ಅಂದ್ನಲ್ಲೋ ಬೋಳಿಮಗನೆ! ಊದೋ ಹಂಗೆ ನಟನೆ ಮಾಡು ಅಂದ್ರೆ ತಿಳಿಯಲ್ವಾ ನಿಂಗೆ?"

ಡಾಂಚೆವ್ ಬೈದದ್ದು ನನ್ನ ತಮ್ಮ ರೆಮ್ಜಿಗೆ. ನಮ್ಮ ಜಿಪ್ಸಿ ಮೊಹಲ್ಲಾದ ಅಂಗಳದಲ್ಲಿ ಡಾಂಚೆವ್‌ನ ಕಂಪನಿಯವರು ಹಾಡಿನ ವಿಡಿಯೋ ತೆಗೆಯುತ್ತಿದ್ದರು. ಹಾಡು ಮೊದಲೇ ತಯಾರಾಗಿ ಸ್ಪೀಕರಿನಿಂದ ಬರುತ್ತಿತ್ತು. ರೆಮ್ಜಿ ಕ್ಲಾರಿನೆಟ್ ಹಿಡಿದು ಸುಮ್ಮನೆ ಬೆರಳಾಡಿಸಬೇಕಿತ್ತು, ಅಷ್ಟೆ. ಆದರೆ ಏಳನೇ ವಯಸ್ಸಿನಿಂದ ಸ್ಲಿವೆನ್ ಊರಿನ ಮದುವೆಗಳಲ್ಲೆಲ್ಲ ಊದಿದ ಬಾಯಿ ಅದು. ಕ್ಲಾರಿನೆಟ್ ತುಟಿಗೆ ತಾಗಿದರೆ ಉಸಿರು ತಾನಾಗಿ ಹೋಗುತ್ತದೆ. ಮೂರನೆಯ ಸಲವೂ ಅದು ಕೀಂ ಎಂದಾಗ ಡಾಂಚೆವ್ ತನ್ನ ಡ್ರೈವರನ ಕಾಲುಚೀಲ ಬಿಚ್ಚಿಸಿ ಕ್ಲಾರಿನೆಟ್ಟಿನೊಳಕ್ಕೆ ತುರುಕಿದ. ಕ್ಯಾಮೆರಾದವರು ನಕ್ಕರು. ರೆಮ್ಜಿಯೂ ನಕ್ಕ. ನಗದಿದ್ದರೆ ಮುಂದಿನ ಸಲ ಕರೆಯುವುದಿಲ್ಲ.

ನಡುವೆ ನಿಂತು ಹಾಡುತ್ತಿದ್ದವಳು ವೆಲೋರಾ. ಹಾಡುತ್ತಿದ್ದಳು ಎಂದರೆ ತುಟಿ ಅಲ್ಲಾಡಿಸುತ್ತಿದ್ದಳು. ದನಿ ನನ್ನದು.

ವೆಲೋರಾಳ ನಿಜವಾದ ಹೆಸರು ಮಿನ್ಕಾ. ತಂಬಾಕು ಬೆಳೆಯುವ ಹಳ್ಳಿಯೊಂದರ ಹುಡುಗಿ. ಡಾಂಚೆವ್ ಅವಳನ್ನು ಕರೆತಂದು ತುಟಿಗೆ ಸೂಜಿ ಚುಚ್ಚಿಸಿ ಊದಿಸಿದ, ಮೂಗು ಕೊಯ್ಯಿಸಿ ಸಣ್ಣ ಮಾಡಿಸಿದ, ವಯಸ್ಸಿನಲ್ಲಿ ನಾಲ್ಕು ವರ್ಷ ಕತ್ತರಿಸಿದ. ಅವಳಿಗೊಬ್ಬ ಪ್ರಿಯಕರ ಇದ್ದನಂತೆ, ಅವನನ್ನೂ ಅಳಿಸಿದ. ಎಲ್ಲಿ ಉಣ್ಣಬೇಕು, ಯಾರ ಜೊತೆ ನಗಬೇಕು ಎಂಬುದೆಲ್ಲ ಕರಾರಿನಲ್ಲಿದೆ. ಎಲ್ಲ ಅಂಟಿಸಿದ ಮೇಲೆ ಅವಳಿಗೆ ಗಂಟಲು ಮಾತ್ರ ಅಂಟಿಸಲು ಬರಲಿಲ್ಲ. ಆಗ ರೆಮ್ಜಿಯ ಮೂಲಕ ನನ್ನನ್ನು ಹುಡುಕಿಕೊಂಡು ಬಂದರು.

"ನಿನ್ ಗಂಟ್ಲು ಚಿನ್ನ ಕಣೇ ಜುಂಬುಲ," ಅಂದಿದ್ದ ಡಾಂಚೆವ್ ಆ ದಿನ. "ಆದ್ರೆ ಈ ಮೋರೆ ಟೀವಿಗೆ ಆಗಲ್ಲ. ಜಿಪ್ಸಿ ಮೋರೆ ಕಂಡ್ರೆ ಜನ ಚಾನೆಲ್ ತಿರುಗಿಸ್ತಾರೆ."

ಆ ಮಾತು ಕೇಳಿಯೂ ಹೋಗಿ ಹಾಡಿದೆ. ಯಾಕೆ ಹಾಡಿದೆ ಎಂದು ನನ್ನನ್ನು ಯಾರೂ ಕೇಳಬೇಡಿ. ಬೀದಿ ಗುಡಿಸುವವಳನ್ನು ಒಂದು ಬೆಚ್ಚಗಿನ ಕೋಣೆಯಲ್ಲಿ ಮೈಕಿನ ಮುಂದೆ ನಿಲ್ಲಿಸಿ "ಹಾಡು" ಎಂದರೆ ಆಗುವ ಸುಖ ನಿಮಗೆ ಗೊತ್ತಾಗುವಂಥದ್ದಲ್ಲ.

ಶೂಟಿಂಗಿಗೆ ಅಂಗಳದಲ್ಲಿ ಒಂದು ಮೇಜು, ಅದರ ಮೇಲೆ ಖಾಲಿ ಬಾಟಲಿ ಇಟ್ಟರೆ ಸಾಕು ಎಂದಿದ್ದರು. ನಾವು ಹೆಂಗಸರು ಕೇಳಬೇಕಲ್ಲ! ಅಂಗಳಕ್ಕೆ ಡೋಲು, ಕ್ಲಾರಿನೆಟ್ ಬಂದ ಮೇಲೆ ಮೇಜು ಖಾಲಿ ಬಿಟ್ಟರೆ ಮನೆತನಕ್ಕೇ ಅವಮಾನ ಎನ್ನುವ ಜನ ನಾವು. ಉಪ್ಪಿನಲ್ಲಿ ಹಾಕಿದ ಮೆಣಸಿನಕಾಯಿ, ಬಿಳಿ ಚೀಸು, ಹುರಿದ ಕೋಳಿ ಎಲ್ಲ ತಂದು ಜೋಡಿಸಿದೆವು. ನಾನು ನಮ್ಮ ಮನೆಯಲ್ಲೇ ಪ್ಲಮ್ ಹಣ್ಣಿನಿಂದ ಭಟ್ಟಿ ಇಳಿಸಿದ ರಕಿಯಾ ತಂದಿಟ್ಟೆ. ಬಂದವರು ಕುಡಿಯಲಿ ಅಂತ.

ಡಾಂಚೆವ್‌ನ ಕಣ್ಣು ನನ್ನ ಆರು ವರ್ಷದ ಮಗಳು ಸಿಬೆಲ್ ಮೇಲೆ ಬಿತ್ತು. "ಆ ಕರೀಕೂಸನ್ನ ಎತ್ತಿ ಮೇಜಿನ ಮೇಲೆ ಕೂರ್ಸು. ಮೊಹಲ್ಲಾ ಅನ್ನಿಸ್ಬೇಕು," ಎಂದವನೇ ತಾನೇ ಬಂದು ರಕಿಯಾ ಬಗ್ಗಿಸಿ ಲೋಟವನ್ನು ಅವಳ ಕೈಗೆ ಕೊಟ್ಟ. ನಾನು ಕಸಿದುಕೊಳ್ಳಲು ಓಡಿದೆ.

"ಏಯ್, ಆಚೆ ಹೋಗೇ! ಕ್ಯಾಮೆರಾ ಓಡ್ತಾ ಐತೆ. ಅವಳೇನು ಕುಡೀತಾಳಾ? ಬಿಸಿಲಿಗೆ ಲೋಟ ಹೊಳೀಲಿ ಅಂತ ಕೊಟ್ಟಿರೋದು."

ಅವನ ಪಕ್ಕದಲ್ಲೇ ನಿಂತಿದ್ದ ವೆಲೋರಾ ಎಲ್ಲ ನೋಡಿದಳು. ಆಮೇಲೆ ತುಟಿ ಅಲ್ಲಾಡಿಸಿದಳು.

*

ಹಾಡು ಎಲ್ಲೆಲ್ಲೂ ಹಬ್ಬಿತು. "ನಿನ್ನ ಬಾಯಿ ರಕಿಯಾ" ಎಂಬುದು ಪಲ್ಲವಿ. ಆ "ರಕಿಯಾ" ಪದವನ್ನು ಡೋಲಿನ ಎಂಟು ಏಟಿನವರೆಗೂ ಎಳೆದು, ಬಳುಕಿಸಿ, ಕೊನೆಯಲ್ಲಿ ಎತ್ತಿ ಬಿಟ್ಟಿದ್ದೆ. ಊರಿನವರೆಲ್ಲ ಅದನ್ನೇ ಎಳೆಯಲು ಹೋಗಿ ಉಸಿರು ಕಟ್ಟಿಸಿಕೊಳ್ಳುತ್ತಿದ್ದರು.

ಒಂದು ಬೆಳಗ್ಗೆ ಕಿತ್ತಳೆ ಬಣ್ಣದ ಅಂಗಿ ತೊಟ್ಟು ಪೇಟೆ ಬೀದಿ ಗುಡಿಸುತ್ತಿದ್ದೆ. ಒಂದು ಕಾರು ಬಂದು ನಿಂತಿತು. ಒಳಗಿನಿಂದ ನನ್ನದೇ ದನಿ. ನಾನು ಪೊರಕೆ ನಿಲ್ಲಿಸಿ ಕೇಳುತ್ತ ನಿಂತೆ.

"ಥೂ, ಏನ್ ಧೂಳೆಬ್ಸಿದ್ಯೇ ಜಿಪ್ಸಿ ಮುಂಡೆ! ಹಾಡ್ ಕೇಳೋಕೂ ಬಿಡಲ್ಲ ಇವು," ಎಂದು ಬೈದು ಕಾರಿನವನು ಗಾಜು ಏರಿಸಿಕೊಂಡ.

*

ಹಾಡು ಟೀವಿಗೆ ಬಂದ ಮೂರನೇ ವಾರ ರಾಜಧಾನಿಯಿಂದ ಕಾಗದ ಬಂತು. ಟೀವಿಯಲ್ಲಿ ಏನು ತೋರಿಸಬಹುದು, ಏನು ಕೂಡದು ಎಂದು ನೋಡುವ ಸಮಿತಿಯದು. ಡಾಂಚೆವ್ ನನ್ನನ್ನೂ ರೆಮ್ಜಿಯನ್ನೂ ಸ್ಟುಡಿಯೋಕ್ಕೆ ಕರೆಸಿದ.

"ಎರಡು ತಕರಾರು," ಅಂದ. "ಒಂದು, ಪಲ್ಲವಿಯಲ್ಲಿ ಹೆಂಡದ ಹೆಸರಿರಬಾರ್ದು. ಅಲ್ಲಿ 'ಜೇನು' ಅಂತ ಹಾಡ್ಕೊಡು. ಎರಡು, ಮಗು ಕೈಗೆ ಹೆಂಡ ಕೊಟ್ಟೋರ್ಯಾರು ಅಂತ ಕೇಳವ್ರೆ. ತಾಯೇ ಕೊಟ್ಳು, ನಮ್ಗೆ ಗೊತ್ತಾಗ್ಲಿಲ್ಲ ಅಂತ ಬರ್ದಿದೀನಿ. ಇಲ್ಲಿ ಸೈನ್ ಹಾಕು."

"ಕೊಟ್ಟಿದ್ದು ನೀವಲ್ವಾ ಯಜಮಾನ್ರೇ?"

"ರಕಿಯಾ ಯಾರ್ದು?"

"ನಂದು."

"ಲೋಟ?"

"ನಮ್ಮನೇದು."

"ಕೂಸು?"

ಕೋತಿ ತಾನು ಮೊಸರು ತಿಂದು ಮೇಕೆ ಬಾಯಿಗೆ ಒರೆಸಿತಂತೆ. ಇಲ್ಲಿ ಮೊಸರು ತಂದಿಟ್ಟದ್ದೂ ಮೇಕೆಯೇ ಆಗಿತ್ತು. ತಾಯಿಯೇ ಕೊಟ್ಟಳು ಎಂಬ ಕಾಗದಕ್ಕೆ ಸೈನ್ ಹಾಕಿದರೆ ಏನಾಗುತ್ತದೆ ಎಂದು ನಮ್ಮ ಮೊಹಲ್ಲಾದ ನಾಯಿಗೂ ಗೊತ್ತು. ಪಕ್ಕದ ಮನೆ ನಾಜಿಫೆಯ ಎರಡು ಮಕ್ಕಳನ್ನು ಮನೆಯಲ್ಲಿ ಒಲೆ ಉರಿಯುತ್ತಿಲ್ಲ ಎಂಬ ಕಾರಣಕ್ಕೇ ಅನಾಥಾಲಯಕ್ಕೆ ಒಯ್ದರು. ಇನ್ನೂ ತಿರುಗಿ ಕಳಿಸಿಲ್ಲ.

"ಸೈನ್ ಹಾಕ್ಬುಡಕ್ಕ," ಎಂದ ರೆಮ್ಜಿ, ನೆಲ ನೋಡುತ್ತ. "ಆಮ್ಯಾಕೆ ಅವ್ರೇ ನೋಡ್ಕತಾರೆ. ಇಲ್ದಿದ್ರೆ ನಂಗೂ ಕೆಲ್ಸ ಇರಕಿಲ್ಲ."

"ನಿನ್ ಕೂಸಾಗಿದ್ರೆ ಹಾಕ್ತಿದ್ಯೇನ್ಲಾ?"

ಡಾಂಚೆವ್‌ಗೆ, ಯೋಚನೆ ಮಾಡಿ ಹೇಳುತ್ತೇನೆ ಎಂದು ಎದ್ದು ಬಂದೆ.

ಮಾರನೆಯ ದಿನ ಗುಡಿಸುವ ಕೆಲಸದ ನಡುವೆ ಆ ಸಮಿತಿಗೆ ನಾನೇ ಫೋನ್ ಮಾಡಿದೆ. ಹೆಂಗಸೊಬ್ಬಳು ಎತ್ತಿದಳು. ಮರ್ಯಾದೆಯಿಂದಲೇ ಮಾತಾಡಿದಳು, ಸುಳ್ಳು ಹೇಳುವುದಿಲ್ಲ.

"ವಿಡಿಯೋದಲ್ಲಿ ನೀವೆಲ್ಲಿ ಬರ್ತೀರಮ್ಮ?"

"ನಾನು ಕಾಣಕಿಲ್ಲ ತಾಯಿ. ಅದ್ರಲ್ಲಿರೋ ದನಿ ನಂದು."

"ದನಿ ಯಾರದು ಅನ್ನೋದು ನಮ್ಮ ವ್ಯಾಪ್ತಿಗೆ ಬರಲ್ಲ. ಏನು ಕಾಣುತ್ತೆ, ಏನು ಪದ ಇದೆ, ಅಷ್ಟೇ ನಾವು ನೋಡೋದು. ಮಗು ಕಾಣುತ್ತೆ. ಲೋಟ ಕಾಣುತ್ತೆ."

"ಲೋಟ ಕೊಟ್ಟ ಕೈ?"

"ಅದು ಚಿತ್ರದಲ್ಲಿಲ್ಲ. ಕಂಪನಿಯವರು ಬರೆದು ಕೊಡ್ತಾರೆ."

*

ಸ್ಟುಡಿಯೋಕ್ಕೆ ತಿರುಗಿ ಹೋದಾಗ ವೆಲೋರಾ ಅಲ್ಲೇ ಸೋಫಾದ ಮೇಲೆ ಕೂತಿದ್ದಳು. ನಾನು ಮೈಕಿನ ಮುಂದೆ ನಿಂತೆ. ಗಾಜಿನ ಆಚೆಯಿಂದ ಡಾಂಚೆವ್ ಕೈಸನ್ನೆ ಮಾಡಿದ. ಡೋಲು ಶುರುವಾಯಿತು, ಪಲ್ಲವಿ ಬಂತು. ನಾನು ಬಾಯಿ ಬಿಡಲಿಲ್ಲ.

"ಏನಾಯ್ತೇ?"

"ಲೋಟ ಕೊಟ್ಟಿದ್ದು ನೀವೇ ಅಂತ ಬರ್ದು ಸೈನ್ ಹಾಕಿ. ಆಮೇಲೆ ಜೇನಾದ್ರೂ ಹಾಡ್ತೀನಿ, ಬೆಲ್ಲನಾದ್ರೂ ಹಾಡ್ತೀನಿ."

"ಉಂಡ ಮನೆಗೆ ಎರಡು ಬಗೀತೀಯೇನೇ ಲೌಡಿ? ಬೀದಿ ಕಸ ಹೊಡೀತಿದ್ದೋಳನ್ನ ಮೈಕ್ ಮುಂದೆ ತಂದು ನಿಲ್ಸಿದ್ದು ನಾನು!"

"ಈಗ್ಲೂ ಕಸನೇ ಹೊಡೀತಿದೀನಿ ಯಜಮಾನ್ರೇ."

ಅವನು ವೆಲೋರಾಳ ರಟ್ಟೆ ಹಿಡಿದು ಒಳಗೆ ತಳ್ಳಿದ. "ಒಂದ್ ಪದ ತಾನೆ. ನೀನೇ ಹಾಡು."

ಅವಳು ಹಾಡಿದಳು. ಎರಡನೇ ಏಟಿಗೇ ದನಿ ಒಡೆಯಿತು. ಯಂತ್ರದ ಮುಂದೆ ಕೂತಿದ್ದವನು ತಲೆ ಎತ್ತಲಿಲ್ಲ. ಪಾಪ, ಅವಳ ಕಿವಿ ಕೆಂಪಾಯಿತು. ನನಗೆ ನಗು ಬರುತ್ತದೆ ಎಂದುಕೊಂಡಿದ್ದೆ, ಬರಲಿಲ್ಲ.

"ಮಿನ್ಕಾ," ಎಂದೆ. ಆ ಹೆಸರು ಕೇಳಿ ಅವಳು ಬೆಚ್ಚಿದಳು. "ನೀನು ಪಕ್ಕದಲ್ಲೇ ಇದ್ದೆ. ಲೋಟ ಕೊಟ್ಟೋರ್ಯಾರು, ಹೇಳವ್ವ."

ಅವಳು ಬಾಯಿ ತೆರೆದಳು.

"ಕರಾರು ನೆನಪೈತಲ್ಲ?" ಎಂದ ಡಾಂಚೆವ್. ತೆರೆದ ಬಾಯಿ ಮುಚ್ಚಿಕೊಂಡಿತು.

ಕೊನೆಗೆ ಅವರು ಆ ಪದವನ್ನೇ ಕಿತ್ತುಹಾಕಿದರು. "ನಿನ್ನ ಬಾಯಿ" ಎಂದ ಮೇಲೆ ಎಂಟು ಏಟು ಬರೀ ಡೋಲು, ಆಮೇಲೆ ಮುಂದಿನ ಸಾಲು. ವಿಡಿಯೋದಲ್ಲಿ ನನ್ನ ಮಗಳ ಮುಖವನ್ನು ಮಸುಕು ಮಾಡಿ ಲೋಟವನ್ನು ಅಳಿಸಿದರು. ಸಮಿತಿಗೆ ಸಮಾಧಾನವಾಯಿತು. ಡಾಂಚೆವ್‌ಗೆ ಆಗಲಿಲ್ಲ. ನನ್ನ ಸೈನ್ ಇಲ್ಲದೆಯೇ, ತಾಯಿಯೇ ಹೆಂಡ ಕೊಟ್ಟಳೆಂದು ಮಕ್ಕಳನ್ನು ಒಯ್ಯುವ ಕಚೇರಿಗೆ ದೂರು ಬರೆದು ಕಳಿಸಿದ. ಸೋಮವಾರ ಮಗುವನ್ನೂ ಅವಳ ಬಟ್ಟೆಗಳನ್ನೂ ತೆಗೆದುಕೊಂಡು ಮಕ್ಕಳ ಕಚೇರಿಗೆ ಬರಬೇಕೆಂದು ಗುರುವಾರ ಚೀಟಿ ಬಂತು. ಬಟ್ಟೆಗಳನ್ನೂ!

ಸಿಬೆಲ್ ಚೀಟಿಯ ಮೇಲಿನ ಮುದ್ರೆ ನೋಡಿ, "ಚೆನ್ನಾಗೈತೆ, ನಂಗ್ ಕೊಡವ್ವ," ಎಂದಳು.

*

ಭಾನುವಾರ ಸಂತ ದಿಮಿತ್ರಿಯ ದಿನ, ನಮ್ಮೂರಿನ ಹಬ್ಬ. ಸಂಜೆ ಹಳೇ ಎಲ್ಮ್ ಮರದ ಚೌಕದಲ್ಲಿ ವೆಲೋರಾಳ ಕಾರ್ಯಕ್ರಮ. ಜನ ಹೋದ ಮೇಲೆ ಗುಡಿಸಲು ನಮ್ಮನ್ನು ಮೊದಲೇ ಕರೆಸಿ ಬೇಲಿಯ ಪಕ್ಕ ಸಾಲಾಗಿ ನಿಲ್ಲಿಸಿದ್ದರು. ಮುಂದಿನ ಸಾಲಿನಲ್ಲಿ ಮೇಯರ್ ಇದ್ದರು. ಅವರ ಪಕ್ಕದಲ್ಲಿ ಡಾಂಚೆವ್.

ಅದೇ ಹಾಡು ಬಂತು. ವೆಲೋರಾ ಮೈಕ್ ಹಿಡಿದು ತುಟಿ ಅಲ್ಲಾಡಿಸಿದಳು. ರೆಮ್ಜಿ ಅವಳ ಹಿಂದೆ ಬೆರಳಾಡಿಸಿದ. ಮೊದಲ ಪಲ್ಲವಿಯಲ್ಲಿ ಖಾಲಿ ಜಾಗ ಬಂದಾಗ ಹುಡುಗರು "ರಕಿಯಾ!" ಎಂದು ಅರಚಿ ನಕ್ಕರು. ಅಲ್ಲಿ ಖಾಲಿ ಇದ್ದದ್ದು ನನ್ನ ಗಂಟಲು. ನಾಳೆ ಈ ಹೊತ್ತಿಗೆ ನನ್ನ ಮಗಳು ಎಲ್ಲಿ ಮಲಗಿರುತ್ತಾಳೋ ಗೊತ್ತಿಲ್ಲ, ಇವರು ಕುಣಿಯುತ್ತಿದ್ದಾರೆ.

ಎರಡನೇ ಪಲ್ಲವಿ. "ನಿನ್ನ ಬಾಯಿ" ಎಂದು ಸ್ಪೀಕರಿನ ದನಿ ನಿಂತಿತು. ಒಂದನೇ ಏಟಿಗೆ ನಾನು ಎತ್ತಿಕೊಂಡೆ.

"ಲೋಟ ಕೊಟ್ಟ ಕೈ ಡಾಂಚೆವ್‌ದು, ನನ್ನ ಸಿಬೆಲ್ಲಿಗೆ ಲೋಟ ಕೊಟ್ಟ ಕೈ ಡಾಂಚೆವ್‌ದು!"

ಅದೇ ಎಳೆತ, ಅದೇ ಬಳುಕು, ಕೊನೆಯಲ್ಲಿ ಅದೇ ಎತ್ತು. ಎಂಟನೇ ಏಟಿಗೆ ನಾನು ಬಿಟ್ಟೆ, ಮುಂದಿನ ಸಾಲನ್ನು ಸ್ಪೀಕರಿನಲ್ಲಿದ್ದ ನಾನು ಹಿಡಿದುಕೊಂಡೆ. ಎಲ್ಲಿಯೂ ಬೆಸುಗೆ ಕಾಣಲಿಲ್ಲ. ಹತ್ತಿರವಿದ್ದವರು ತಿರುಗಿದರು. ಅವರನ್ನು ನೋಡಿ ಹಿಂದಿನವರು ತಿರುಗಿದರು. ವೇದಿಕೆಯ ಮೇಲೆ ವೆಲೋರಾ ನನ್ನನ್ನೇ ನೋಡುತ್ತ ತುಟಿ ಅಲ್ಲಾಡಿಸುವುದನ್ನು ಮರೆತಳು. ಹಾಡು ಅವಳ ಬಾಯಿಯ ಹಂಗಿಲ್ಲದೆ ನಡೆಯಿತು.

"ಯಾರೇ ಅದು? ಹಾಡಿನ ದನಿ ಇವಳದೇ ಅಲ್ವಾ?" ಎಂದಳು ಬೇಲಿಯಾಚೆ ಒಬ್ಬಳು.

ಡಾಂಚೆವ್ ಎದ್ದು ನಿಂತು ಏನೋ ಅರಚಿದ. ಇಬ್ಬರು ಪೊಲೀಸರು ಜನರನ್ನು ತಳ್ಳಿಕೊಂಡು ಬಂದರು. ಒಬ್ಬ ನನ್ನ ಪೊರಕೆ ಕಿತ್ತುಕೊಂಡ, ಇನ್ನೊಬ್ಬ ತೋಳು ತಿರುಚಿದ.

"ಬಾಯ್ ಮುಚ್ಚೇ!"

"ಇನ್ನೂ ಎರಡು ಸಲ ಬರ್ತದೆ ಕಣಪ್ಪ ಪಲ್ಲವಿ. ಮುಗೀಲಿ, ನಾನೇ ಬರ್ತೀನಿ."

ಚರಣ ಮುಗಿಯಿತು. "ನಿನ್ನ ಬಾಯಿ" ಎಂದು ಸ್ಪೀಕರಿನ ದನಿ ನಿಂತಿತು. ಡೋಲು ಮೊದಲ ಏಟು ಹಾಕಿತು. ಪೊಲೀಸಿನವನ ದಪ್ಪ ಕೈ ನನ್ನ ಬಾಯಿಯ ಮೇಲೆ ಬಂತು.

ಮೊದಲು ಕಚ್ಚಿದೆ. ಆಮೇಲೆ ಹಾಡಿದೆ.